ಬಾಬ್ ಮರ್ಫಿಗೆ, ಮತ್ತು ಬೇಲಿಯಾಚೆಯ ಅಜ್ಜಿಗೆ

ಕಳೆದ ಶುಕ್ರವಾರ ರಾತ್ರಿ, 2017ರ ಆಗಸ್ಟ್ 25ರಂದು, ಮೆಲ್ಬರ್ನಿನ ಎತಿಹಾದ್ ಕ್ರೀಡಾಂಗಣದಲ್ಲಿ ನಮ್ಮ ವೆಸ್ಟರ್ನ್ ಬುಲ್‌ಡಾಗ್ಸ್ ಫುಟ್‌ಬಾಲ್ ತಂಡದ ನಾಯಕ ಬಾಬ್ ಮರ್ಫಿ ತಮ್ಮ 312ನೆಯ ಪಂದ್ಯವನ್ನು ಆಡಿ ಮುಗಿಸಿದರು. ಅದೇ ಕೊನೆಯದು. ಎದುರಾಳಿ ಹಾಥಾರ್ನ್. ನಾವು ಸೋತೆವು. ಸೋತ ತಂಡದ ಅಭಿಮಾನಿಗಳು ಇಷ್ಟು ಹೊತ್ತು ಕುರ್ಚಿ ಬಿಟ್ಟು ಏಳದೆ ಕುಳಿತದ್ದನ್ನು ನಾನು ಈ ಊರಿಗೆ ಬಂದ ಐದು ವರ್ಷಗಳಲ್ಲಿ ನೋಡಿರಲಿಲ್ಲ. ಮನೆಗೆ ಬಂದ ಮೇಲೂ ನಿದ್ದೆ ಹತ್ತಲಿಲ್ಲ. ಹದಿನಾರು ತಿಂಗಳಿಂದ ಹೇಳದೆ ಉಳಿಸಿಕೊಂಡ ಕೆಲವು ಧನ್ಯವಾದಗಳಿದ್ದವು. ಅದಕ್ಕೇ ಈ ಬರಹ.

ಫೂಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್, ಎಂದರೆ ಮೂಗು ಮುರಿಯುವ ಗೆಳೆಯರಿಗೆ ಒಂದು ಮಾತು. ಕ್ರಿಕೆಟ್ ಮೈದಾನದಲ್ಲಿ, ಕಡೆಗೆ ಹದಿನೆಂಟು ಜನರಂತೆ, ಮೊಟ್ಟೆಯಾಕಾರದ ಚೆಂಡಿನ ಹಿಂದೆ ಓಡುವ ಈ ಆಟ ನನಗೂ ಮೊದಲು ಜಾತ್ರೆಯ ನೂಕುನುಗ್ಗಲಿನಂತೆಯೇ ಕಂಡಿತ್ತು. ಮರ್ಫಿಯನ್ನು ನೋಡಿದ ಮೇಲೆ ಅದು ಆಟವಾಯಿತು. ಕಡಲೆಗಿಡದಂಥ ತೆಳ್ಳಗಿನ ಮೈ. ಡಿಕ್ಕಿ ಹೊಡೆಯುವವರ ನಡುವೆ ಡಿಕ್ಕಿ ಹೊಡೆಯದೆ ನುಸುಳುವ ನಡೆ. ಮುಂಪಡೆಯಲ್ಲಿ ಶುರುಮಾಡಿ, ಹಿಂಪಡೆಗೆ ಬಂದು, ಅಲ್ಲಿಂದ ಇಡೀ ಪಂದ್ಯದ ದಿಕ್ಕು ತಿರುಗಿಸುತ್ತಿದ್ದರು. 2000ದಿಂದ 2017ರವರೆಗೆ ಒಂದೇ ಕ್ಲಬ್, ವೆಸ್ಟರ್ನ್ ಬುಲ್‌ಡಾಗ್ಸ್. ಪತ್ರಿಕೆಗೆ ಅಂಕಣವನ್ನೂ ಬರೆಯುತ್ತಿದ್ದರು, ಅದೂ ಓದುವಂಥ ಅಂಕಣ. ಆಟಗಾರರಲ್ಲಿ ಇದು ಅಪರೂಪ, ಅಂಕಣಕಾರರಲ್ಲಿಯೂ ಅಪರೂಪವೇ.

ಈಗ ಅಜ್ಜಿಯ ವಿಷಯ.

ನಾವು ವೆಸ್ಟ್ ಫುಟ್ಸ್‌ಕ್ರೇಯ ಬಾಡಿಗೆ ಮನೆಗೆ ಬಂದ ವಾರವೇ ಬೇಲಿಯ ಮೇಲಿಂದ ಒಂದು ಕೆಂಪು-ಬಿಳಿ-ನೀಲಿ ಉಣ್ಣೆಯ ಶಾಲು ಈ ಕಡೆ ಬಿತ್ತು. ಹಿಂದೆಯೇ ಒಂದು ತಲೆ ಕಾಣಿಸಿತು. ಯಾವ ತಂಡ ಎಂದು ಕೇಳಿದರು. ಯಾವುದೂ ಇಲ್ಲ ಎಂದೆ. ಇನ್ನು ಮೇಲೆ ಇದೆ ಎಂದರು. ನಾವು ಅವರನ್ನು ಅಜ್ಜಿ ಎಂದು ಕರೆಯತೊಡಗಿದೆವು. ಅದು ತಮ್ಮ ಹೆಸರಿನ ಕನ್ನಡ ರೂಪವಿರಬೇಕೆಂದು ಅವರು ಬಹಳ ಕಾಲ ನಂಬಿದ್ದರು. ಕ್ಲಬ್ಬಿಗೆ ಫುಟ್ಸ್‌ಕ್ರೇ ಎಂದೇ ಹೆಸರಿದ್ದಾಗ, 1954ರಲ್ಲಿ, ಮೆಲ್ಬರ್ನ್ ತಂಡವನ್ನು 51 ಅಂಕಗಳಿಂದ ಸೋಲಿಸಿ ಮೊದಲ ಪ್ರಶಸ್ತಿ ಗೆದ್ದ ದಿನ ಅವರಿಗೆ ಒಂಬತ್ತು ವರ್ಷ. ಎರಡನೆಯದಕ್ಕೆ ಕಾಯುತ್ತಲೇ ಮದುವೆ, ಮಕ್ಕಳು, ವೈಧವ್ಯ ಎಲ್ಲ ಮುಗಿದಿತ್ತು. 1989ರಲ್ಲಿ ಕ್ಲಬ್ಬನ್ನು ಫಿಟ್ಜ್‌ರಾಯ್ ಜೊತೆ ವಿಲೀನ ಮಾಡಲು ಹೊರಟಾಗ ಜನ ಬೀದಿಗಿಳಿದು ಹಣ ಕೂಡಿಸಿ ಉಳಿಸಿಕೊಂಡರಲ್ಲ, ಆಗ ಬಾರ್ಕ್ಲಿ ಸ್ಟ್ರೀಟಿನಲ್ಲಿ ಡಬ್ಬಿ ಕುಲುಕಿದವರಲ್ಲಿ ಅಜ್ಜಿಯೂ ಒಬ್ಬರು. ಆ ಡಬ್ಬಿ ಇನ್ನೂ ಅವರ ಅಡುಗೆಮನೆಯಲ್ಲಿದೆ, ಅದರಲ್ಲಿ ಈಗ ಟೀ ಪುಡಿ.

2016ರ ಏಪ್ರಿಲ್ 10, ಭಾನುವಾರ. ಇದೇ ಕ್ರೀಡಾಂಗಣ, ಇದೇ ಹಾಥಾರ್ನ್. ಪಂದ್ಯದ ಕೊನೆಯ ಗಳಿಗೆಯಲ್ಲಿ ಮರ್ಫಿ ಚೆಂಡಿಗಾಗಿ ಹಾರಿ ಕೆಳಗೆ ಬಂದರು, ಮೊಣಕಾಲು ಹಿಡಿದುಕೊಂಡರು. ಮೂರು ಅಂಕಗಳಿಂದ ಸೋತೆವು, ಆದರೆ ಅಂಕ ಯಾರಿಗೆ ಬೇಕಿತ್ತು? ಹತ್ತು ವರ್ಷಗಳ ಹಿಂದೆಯೂ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡವರು ಅವರು. ಜೂನಿಗೆ ಮೂವತ್ತನಾಲ್ಕು. ಸುತ್ತಲಿನ ಪ್ರತಿಯೊಬ್ಬರೂ ಅದೇ ಲೆಕ್ಕ ಹಾಕುತ್ತಿದ್ದುದು ಮುಖ ನೋಡಿದರೆ ತಿಳಿಯುತ್ತಿತ್ತು. 2008, 2009, 2010, ಮೂರು ವರ್ಷ ಸಾಲಾಗಿ ಫೈನಲ್‌ಗೆ ಒಂದೇ ಮೆಟ್ಟಿಲು ಇರುವಾಗ ಸೋತವರು. ನಾಯಕರಾಗಿ ಹೊಸ ಹುಡುಗರನ್ನು ಕಟ್ಟಿ ನಿಲ್ಲಿಸಿದ ಮೇಲೆ, ಇನ್ನೇನು ಎನ್ನುವಾಗ, ಹೀಗಾಯಿತು.

ರೈಲಿನಲ್ಲಿ ಅಜ್ಜಿ ಮಾತಾಡಲಿಲ್ಲ. ಮನೆ ತಲುಪಿ ಬಾಗಿಲು ತೆರೆದಾಗ ನಮ್ಮ ಮನೆಯಲ್ಲಿ ಏನಾಗಿತ್ತು, ಆ ರಾತ್ರಿ ಆಸ್ಪತ್ರೆಯಲ್ಲಿ ಏನಾಯಿತು ಎಂಬುದು ಇದನ್ನು ಓದುವ ನಿಮಗೆಲ್ಲ ಗೊತ್ತು. ಮತ್ತೆ ಬರೆಯುವುದಿಲ್ಲ.

ಬರೆಯಬೇಕಾದದ್ದು ಬೇರೆ. ಅಜ್ಜಿ ಶಾಲನ್ನೂ ಬಿಚ್ಚದೆ ನನ್ನ ಜೊತೆ ಕಾರು ಹತ್ತಿದರು. ಬೆಳಗಿನ ಐದು ಗಂಟೆಯವರೆಗೆ ಆ ಉದ್ದನೆಯ ಮೊಗಸಾಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಪಕ್ಕ ಕುಳಿತಿದ್ದರು. ಎಲ್ಲ ಸರಿಹೋಗುತ್ತದೆ ಎನ್ನಲಿಲ್ಲ. ದೇವರ ಇಚ್ಛೆ ಎನ್ನಲಿಲ್ಲ. ಆಮೇಲೆ ಫೋನಿನಲ್ಲಿ ಎಷ್ಟೋ ಜನ ಹೇಳಿದ ‘ಇನ್ನೂ ವಯಸ್ಸಿದೆ’ ಎಂಬ ಮಾತನ್ನಂತೂ ಅವರು ಇಂದಿನವರೆಗೂ ಹೇಳಿಲ್ಲ. ಕೈಚೀಲದಿಂದ, ಪಂದ್ಯಕ್ಕೆಂದು ನನ್ನ ಹೆಂಡತಿಯೇ ಕಟ್ಟಿಕೊಟ್ಟು ಉಳಿದಿದ್ದ ಚಿತ್ರಾನ್ನ ತೆಗೆದು, ಡಬ್ಬಿಯ ಮುಚ್ಚಳಕ್ಕೆ ಅರ್ಧ ಹಾಕಿ ನನ್ನ ಕೈಗಿಟ್ಟರು. ನಾನು ತಿಂದೆ. ಒಳಗೆ ಅವಳು ಹಾಗಿರುವಾಗ ಅವಳ ಕೈಯ ಚಿತ್ರಾನ್ನವನ್ನು ತಿಂದೆ, ರುಚಿಯಾಗಿತ್ತು, ಅದಕ್ಕಾಗಿ ನನ್ನನ್ನು ನಾನು ಇನ್ನೂ ಪೂರ್ತಿ ಕ್ಷಮಿಸಿಲ್ಲ.

ಮೂರು ಗಂಟೆಯ ಹೊತ್ತಿಗೆ ಡಬ್ಬಿ ಕುಲುಕಿದ ಕಥೆಯನ್ನು ಎರಡನೇ ಸಲ ಹೇಳಿದರು. ಮಧ್ಯದಲ್ಲಿ ನಿಲ್ಲಿಸಿ, ‘ಆ ಹುಡುಗನೂ ಈಗ ಎದ್ದೇ ಇರುತ್ತಾನೆ’ ಎಂದರು. ಮರ್ಫಿಯ ಕುರಿತು. ಊರಿನ ಇನ್ನೊಂದು ತುದಿಯಲ್ಲಿ ಇನ್ನೊಬ್ಬನೂ ಚಾವಣಿ ನೋಡುತ್ತ ಮಲಗಿದ್ದಾನೆ ಎಂಬುದು ಸಮಾಧಾನವಾಗುವ ಮಾತೇ ಅಲ್ಲ. ಆದರೂ ಆ ರಾತ್ರಿ ನನ್ನ ಉಸಿರು ಸ್ವಲ್ಪ ಸಡಿಲವಾದದ್ದು ಅದೊಂದೇ ಮಾತಿಗೆ. ಮಾರನೆಯ ವಾರ ನಾವಿಲ್ಲದ ಹೊತ್ತು ನೋಡಿ, ಹಿಂದಿನ ಕೋಣೆಯಲ್ಲಿದ್ದ, ಇನ್ನೂ ಬಿಚ್ಚದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ತಮ್ಮ ಗ್ಯಾರೇಜಿಗೆ ಸಾಗಿಸಿಬಿಟ್ಟರು. ಕೇಳಲಿಲ್ಲ, ಹೇಳಲೂ ಇಲ್ಲ. ಎಪ್ಪತ್ತು ದಾಟಿದವರು ಅದನ್ನು ಒಬ್ಬರೇ ಹೇಗೆ ಎತ್ತಿದರೋ.

ಆ ವರ್ಷದ ಉಳಿದ ಕಥೆ ಪತ್ರಿಕೆಗಳಲ್ಲಿ ಬಂದಿದೆ. ಏಳನೇ ಸ್ಥಾನದಲ್ಲಿದ್ದ ತಂಡ ಪರ್ತ್‌ನಲ್ಲಿ ಗೆದ್ದಿತು, ಹಾಥಾರ್ನನ್ನು ಮನೆಗೆ ಕಳಿಸಿತು, ಸಿಡ್ನಿಗೆ ಹೋಗಿ ಆರು ಅಂಕಗಳಿಂದ ಗೆದ್ದಿತು. ಅಕ್ಟೋಬರ್ 1ರಂದು ಮೆಲ್ಬರ್ನ್ ಕ್ರಿಕೆಟ್ ಮೈದಾನದಲ್ಲಿ (ಎಂಸಿಜಿ) ಫೈನಲ್, ಸಿಡ್ನಿ ಸ್ವಾನ್ಸ್ ಎದುರು 89–67. ಅರವತ್ತೆರಡು ವರ್ಷಗಳ ಕಾಯುವಿಕೆ ನಮ್ಮ ಟೀವಿಯ ಮುಂದೆ ಮುಗಿದಾಗ ಅಜ್ಜಿ ಕೂಗಲಿಲ್ಲ, ಒಂದು ಲೋಟ ನೀರು ಕೇಳಿದರು. ಆಮೇಲೆ ಕೋಚ್ ಲ್ಯೂಕ್ ಬೆವರಿಡ್ಜ್ ತಮಗೆ ಬಂದ ಪದಕವನ್ನು ಕೊರಳಿನಿಂದ ತೆಗೆದು, ಆಡಲಾಗದೆ ನಿಂತಿದ್ದ ಮರ್ಫಿಯನ್ನು ವೇದಿಕೆಗೆ ಕರೆದು ತೊಡಿಸಿದರು. ಎಲ್ಲರೂ ಅತ್ತರು. ನಾನು ಮಾತ್ರ ಮರ್ಫಿಯ ಮುಖವನ್ನೇ ಹುಡುಕುತ್ತಿದ್ದೆ. ಅಲ್ಲಿ ಸಂತೋಷವಿತ್ತು, ನಿಜವಾದದ್ದು. ಅದರ ಅಂಚಿನಲ್ಲಿ ಇನ್ನೊಂದೂ ಇತ್ತು. ಅದನ್ನು ಅವರು ಬಚ್ಚಿಡಲೂ ಇಲ್ಲ, ತೋರಿಸಿಕೊಳ್ಳಲೂ ಇಲ್ಲ. ಎರಡನ್ನೂ ಹೊತ್ತು ಅಷ್ಟು ಜನರೆದುರು ನಿಂತಿದ್ದರು. ಮರುವಾರ ಗೆಳೆಯರ ಮನೆಯಲ್ಲಿ ನಾಮಕರಣ. ಹೋಗುವುದಿಲ್ಲ ಎಂದು ಇಬ್ಬರೂ ತೀರ್ಮಾನಿಸಿದ್ದೆವು. ಹೋದೆವು. ಮಗುವನ್ನು ಎತ್ತಿಕೊಂಡಳು. ನಾನು ಹೋಳಿಗೆ ಬಡಿಸಿದೆ.

ಉಳಿದವರಿಗೆಲ್ಲ ಒಂದೇ ಉಸಿರಿನಲ್ಲಿ ಹೇಳುತ್ತೇನೆ, ಬೇಸರಿಸಬೇಡಿ: ಅದೇ ಶುಕ್ರವಾರ 292 ಪಂದ್ಯಗಳಿಗೆ ಮುಕ್ತಾಯ ಹಾಡಿದ ಮ್ಯಾಥ್ಯೂ ಬಾಯ್ಡ್, ಮರ್ಫಿಯ ಜಾಗದಲ್ಲಿ ನಾಯಕನಾಗಿ ಕಪ್ ಎತ್ತುವಾಗ ಅವರನ್ನೂ ಜೊತೆಗೆ ಸೇರಿಸಿಕೊಂಡ ಈಸ್ಟನ್ ವುಡ್, ಮೂರು ತಿಂಗಳು ಸರದಿಯಂತೆ ಅನ್ನ-ಸಾರು ತಂದಿಟ್ಟು ಕರೆಗಂಟೆ ಒತ್ತದೆ ಹೋಗುತ್ತಿದ್ದ ಟಾರ್ನೀಟ್ ಮತ್ತು ಪಾಯಿಂಟ್ ಕುಕ್‌ನ ಕನ್ನಡದ ಗೆಳೆಯರು, ರಜೆ ಕೇಳಿದಾಗ ಕಾರಣ ಕೇಳದ ಸಹೋದ್ಯೋಗಿಗಳು, ಎಲ್ಲರಿಗೂ ಋಣಿ.

ಮರ್ಫಿ, ನೀವು ಕನ್ನಡ ಓದುವುದಿಲ್ಲ, ಗೊತ್ತು. ಮೂವತ್ತನಾಲ್ಕರಲ್ಲಿ ಮೊಣಕಾಲು ಕಟ್ಟಿಕೊಂಡು ಇನ್ನೊಂದು ವರ್ಷ ಆಡಲು ಹಿಂತಿರುಗಿದಿರಿ. ಈ ಬಾರಿ ತಂಡ ಅಂತಿಮ ಸುತ್ತಿಗೂ ಬರಲಿಲ್ಲ, ನಿಮ್ಮ ಹೆಸರಿನಲ್ಲಿ ಪ್ರಶಸ್ತಿ ಇಲ್ಲವೇ ಇಲ್ಲ. ಆದರೂ ಬಂದಿರಿ. ಅದಕ್ಕೆ ಧನ್ಯವಾದ.

ಶುಕ್ರವಾರ ಮೂವರೂ ಹೋಗಿದ್ದೆವು. ಮರಳುವ ರೈಲಿನಲ್ಲಿ ಅಜ್ಜಿ ಬಹಳ ಹೊತ್ತು ಕಿಟಕಿ ನೋಡಿದರು. ಫುಟ್ಸ್‌ಕ್ರೇ ನಿಲ್ದಾಣ ದಾಟಿದ ಮೇಲೆ, ಸೆಪ್ಟೆಂಬರಿನಲ್ಲಿ ಈ ಸಲ ಪಂದ್ಯಗಳ ಕೆಲಸವಿಲ್ಲವಲ್ಲ, ಟೊಮೆಟೊ ಪಾತಿಯನ್ನು ಬೇಗ ಅಗೆದುಬಿಡೋಣ ಎಂದರು. ಶನಿವಾರ ಬೆಳಿಗ್ಗೆ ಏಳಕ್ಕೇ ಬೇಲಿಯಾಚೆ ಗುದ್ದಲಿಯ ಸದ್ದು ಶುರುವಾಗಿತ್ತು. ನನ್ನ ಹೆಂಡತಿ ಮೆಣಸಿನ ಸಸಿಗಳ ತಟ್ಟೆ ಹಿಡಿದು ಆಗಲೇ ಆ ಕಡೆ ಹೋಗಿದ್ದಳು.