ಮುಂಬೈ ಸರ್ವರ್ ವಾಪಸ್ ಕೊಡಿ, ಇಲ್ಲವಾದರೆ ಪಾಸ್ ದುಡ್ಡು ವಾಪಸ್ ಕೊಡಿ

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಭಾರತ ವಿಭಾಗ

ವಿಷಯ: ಮುಂಬೈ ಸರ್ವರ್ ತೆಗೆದ ಮೇಲೆ ನಿಮ್ಮ ಆನ್‌ಲೈನ್ ಶೂಟರ್ (ಗುಂಡು ಹೊಡೆದಾಡುವ) ಆಟ ಆಡಲಾಗದಂತಾಗಿರುವುದು, ಸೀಸನ್ ಪಾಸ್ (ಆಟದ ಒಂದು ಅವಧಿಗೆ ಕೊಳ್ಳುವ ಪಾಸ್) ಹಣ, ಮತ್ತು ಆಟದೊಳಗಿನ ಅಂಗಡಿಯಲ್ಲಿ ಬೆಲೆ ತೋರಿಸುವ ರೀತಿ ಕುರಿತು ದೂರು

ಮಾನ್ಯರೇ,

ನಿಮ್ಮ ಆಟ ಕೆಟ್ಟದಾಗಿದ್ದರೆ ಡಿಲೀಟ್ ಮಾಡಿ ಸುಮ್ನೆ ಇರುತ್ತಿದ್ದೆ. ಪತ್ರ ಬರೆಯುವ ಕೆಲಸ ಇರುತ್ತಿರಲಿಲ್ಲ. ಆಟ ಚೆನ್ನಾಗಿದೆ, ಹೊಟ್ಟೆ ಉರಿಯುವುದು ಅದಕ್ಕೇ. ಹಾಗಾಗಿ ಏನು ಚೆನ್ನಾಗಿದೆ ಅನ್ನುವುದನ್ನು ಮೊದಲು ಹೇಳುತ್ತೇನೆ. ಅದು ಗೊತ್ತಾಗದೆ ನನ್ನ ದೂರು ನಿಮಗೆ ಅರ್ಥವಾಗುವುದಿಲ್ಲ.

ಈ ಆಟದ ಜೀವ ಇರುವುದು ಶೀಲ್ಡ್‌ನಲ್ಲಿ. ಗುಂಡು ಬಿದ್ದರೆ ಮೊದಲು ಶೀಲ್ಡ್ ಹೋಗುತ್ತದೆ, ಆಮೇಲೆ ಮೈಗೆ ಪೆಟ್ಟು. ಏನಾದರೊಂದರ ಮರೆಗೆ ಸರಿದು ಸ್ವಲ್ಪ ಹೊತ್ತು ಉಳಿದುಕೊಂಡರೆ ಶೀಲ್ಡ್ ಮತ್ತೆ ತುಂಬುತ್ತದೆ. 2001ರಲ್ಲಿ ಬಂದ ಹ್ಯಾಲೋ ಅನ್ನುವ ಆಟ ಈ ಪದ್ಧತಿಯನ್ನು ಶೂಟರ್ ಆಡುವವರಿಗೆಲ್ಲ ರೂಢಿ ಮಾಡಿಸಿತು. ನೀವು ಅದಕ್ಕೆ ಬೆನ್ನಿಗೆ ಕಟ್ಟಿಕೊಂಡು ಹಾರುವ ಜೆಟ್‌ಪ್ಯಾಕ್ ಸೇರಿಸಿದ್ದೀರಿ. ಮೊದಲು ಕಂಡವನು ಗೆದ್ದ, ಕಾಣದವನು ಸತ್ತ ಅನ್ನುವ ಹಾಗೆ ಇಲ್ಲಿ ಆಗುವುದಿಲ್ಲ. ಪೆಟ್ಟು ತಿಂದವನಿಗೂ ಯೋಚನೆ ಮಾಡಲು ಒಂದು ಗಳಿಗೆ ಸಿಗುತ್ತದೆ. ಮೇಲೆ ಹಾರಬೇಕಾ, ಹಿಂದೆ ಸರಿಯಬೇಕಾ, ಜೊತೆಯವನನ್ನು ಕರೆಯಬೇಕಾ? ಕೈ ಅಷ್ಟೇನೂ ಚುರುಕಿಲ್ಲದ ನನ್ನಂಥವರು ಹದಿನೆಂಟರ ಹುಡುಗರ ಎದುರು ಆಡಲು ಆಗುತ್ತಿದ್ದದ್ದು ಈ ಒಂದು ಗಳಿಗೆಯಿಂದಲೇ.

ಚಂದ್ರನ ಗಣಿ ಮ್ಯಾಪ್ (ಆಡುವ ಅಂಗಳ) ಬಗ್ಗೆಯೂ ಎರಡು ಮಾತು. ಅಲ್ಲಿ ಗುರುತ್ವ ಕಡಿಮೆ, ಎಸೆದ ಗ್ರೆನೇಡ್ ತೇಲಿಕೊಂಡು ಹೋಗುತ್ತದೆ. ಭೂಮಿಯ ಮ್ಯಾಪ್‌ಗಳಲ್ಲಿ ಕಲಿತ ಎಸೆತ ಇಲ್ಲಿ ಲೆಕ್ಕಕ್ಕಿಲ್ಲ. ಸ್ವಲ್ಪ ಬೇಗ ಎಸೆಯಬೇಕು, ಕೆಳಗೆ ಗುರಿ ಇಡಬೇಕು. ಇಷ್ಟು ಯೋಚಿಸಿ ಮಾಡಿದವರು ನಿಮ್ಮ ಕಂಪನಿಯಲ್ಲಿ ಇದ್ದಾರಲ್ಲ, ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಸಣ್ಣಪುಟ್ಟ ತಕರಾರುಗಳೂ ಇವೆ. ಪ್ರತಿ ಸೀಸನ್‌ಗೂ ಒಂದು ಹೊಸ ಗನ್ ಬರುತ್ತದೆ, ಎಲ್ಲರನ್ನೂ ಬಡಿದು ಹಾಕುತ್ತದೆ. ಎಲ್ಲರೂ ಅದನ್ನು ಕೊಂಡಾದ ಮೇಲೆ ಪ್ಯಾಚ್ (ಆಟಕ್ಕೆ ತಿದ್ದುಪಡಿ) ಬಂದು ಅದು ಮೆತ್ತಗಾಗುತ್ತದೆ. ಕಾಕತಾಳೀಯ ಅಂತ ನಂಬಿದ್ದೇನೆ. ಇದಕ್ಕೆಲ್ಲ ದೂರು ಕೊಡುವಷ್ಟು ಕೋಪ ಇಲ್ಲ.

ಕೋಪ ಇರುವುದು ಮುಂಬೈ ಸರ್ವರ್ ವಿಷಯಕ್ಕೆ. ಈ ಸೀಸನ್ ಶುರುವಾದ ಮೇಲೆ ಬಂದ ಅಪ್‌ಡೇಟ್‌ನಲ್ಲಿ ಸರ್ವರ್ ಪಟ್ಟಿಯಿಂದ ಮುಂಬೈ ಮಾಯ. ಮುಂಬೈ ಏನು, ಪಟ್ಟಿಯೇ ಮಾಯ. ಸರ್ವರ್ ಆರಿಸುವುದು ಈಗ ಆಟದ್ದೇ ಕೆಲಸ. ಪ್ಯಾಚ್ ನೋಟ್ಸ್‌ನಲ್ಲಿ ಮ್ಯಾಚ್‌ಮೇಕಿಂಗ್ (ಆಟಗಾರರನ್ನು ಜೋಡಿಸುವುದು) ಸುಧಾರಣೆ ಅಂತ ಒಂದು ಸಾಲು ಬಿಟ್ಟರೆ ಬೇರೆ ಮಾತಿಲ್ಲ. ದಾವಣಗೆರೆಯಿಂದ ಮುಂಬೈಗೆ ನನ್ನ ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರಲು ಹಿಡಿಯುವ ಸಮಯ, 35 ಮಿಲಿಸೆಕೆಂಡ್ ಇರುತ್ತಿತ್ತು. ಈಗ ಸಂಜೆ ಹೊತ್ತು ಸಿಂಗಪುರಕ್ಕೆ ತಳ್ಳುತ್ತೀರಿ, 90ರ ಆಸುಪಾಸು ಬರುತ್ತದೆ. ರಾತ್ರಿ ಹತ್ತರ ಮೇಲೆ ಫ್ರಾಂಕ್‌ಫರ್ಟ್. ಅಲ್ಲಿ 170 ದಾಟುತ್ತದೆ.

ಇದರಿಂದ ಆಗುವುದೇನು ಅಂತ ಜೊತೆಗಿಟ್ಟಿರುವ ವಿಡಿಯೋದಲ್ಲಿ ನೋಡಿ. ಗಣಿ ಮ್ಯಾಪ್‌ನಲ್ಲಿ ನನ್ನ ಶೀಲ್ಡ್ ಒಡೆಯುತ್ತದೆ. ಕ್ರೇನ್ ಕಂಬದ ಹಿಂದೆ ಸರಿಯುತ್ತೇನೆ. ಪೂರ್ತಿ ಮರೆಯಾಗಿದ್ದೇನೆ, ಎದುರಿಗೆ ಕಾಣುವುದು ಬರೀ ಕಬ್ಬಿಣ. ಅಷ್ಟರಲ್ಲಿ ಸತ್ತೆ. ಕಿಲ್‌ಕ್ಯಾಮ್ (ಕೊಂದವನಿಗೆ ಕಂಡದ್ದನ್ನು ಮತ್ತೆ ತೋರಿಸುವ ದೃಶ್ಯ) ಶುರುವಾದರೆ ನನ್ನನ್ನು ಕೊಂದವನ ಸ್ಕ್ರೀನ್‌ನಲ್ಲಿ ನಾನಿನ್ನೂ ಬಯಲಿನಲ್ಲೇ ಇದ್ದೇನೆ, ಬೆನ್ನು ತೋರಿಸಿಕೊಂಡು, ಕಂಬಕ್ಕೆ ಎರಡು ಹೆಜ್ಜೆ ಬಾಕಿ. ಅವನು ಆರಾಮಾಗಿ ಹೊಡೆದ. ಅವನದೇನೂ ತಪ್ಪಿಲ್ಲ. ಹೊಡೆಯುವವನಿಗೆ ಟ್ರಿಗರ್ ಒತ್ತಿದಾಗ ಏನು ಕಂಡಿತೋ ಅದನ್ನೇ ಸರ್ವರ್ ಹಿಂದಕ್ಕೆ ತಿರುಗಿಸಿ ನೋಡಿ ತೀರ್ಪು ಕೊಡುತ್ತದೆ. ಆನ್‌ಲೈನ್ ಶೂಟರ್‌ಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೇ. ಪಿಂಗ್ 35 ಇದ್ದಾಗ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 170 ಇದ್ದಾಗ ಅಡಗಿದವನು ಅಡಗಿಲ್ಲ ಅಂತ ಲೆಕ್ಕ.

ಶೀಲ್ಡ್ ಕೊಡುವ ಆ ಒಂದು ಗಳಿಗೆ ಇದೆಯಲ್ಲ, ದೂರದ ಸರ್ವರ್ ತಿನ್ನುವುದು ಅದನ್ನೇ. ಚಕ್ಕನೆ ಸಾಯುವ ಆಟಗಳಲ್ಲಿ ಲ್ಯಾಗ್ (ಸಂಪರ್ಕದ ತಡ) ಬಂದರೆ ಹಾಳಾಗಿ ಹೋಗಲಿ ಅನ್ನಬಹುದು. ನಿಮ್ಮ ಆಟದಲ್ಲಿ ತಪ್ಪಿಸಿಕೊಳ್ಳುವುದೇ ಆಟ. ಅದನ್ನು ಕಿತ್ತುಕೊಂಡರೆ ಉಳಿಯುವುದು ಚಂದದ ಗ್ರಾಫಿಕ್ಸ್ ಮಾತ್ರ.

ಸಪೋರ್ಟ್‌ಗೆ ಬರೆದರೆ ರೂಟರ್ ಆಫ್ ಮಾಡಿ ಆನ್ ಮಾಡಿ, ವೈಫೈ ಬಿಟ್ಟು ಕೇಬಲ್ ಹಾಕಿ ಅಂತ ಉತ್ತರ ಬಂತು. ಎರಡೂ ಮಾಡಿದೆ. ಜರ್ಮನಿ ಹತ್ತಿರ ಬರಲಿಲ್ಲ. ಫೈಬರ್ ಒಳಗೆ ಬೆಳಕು ಓಡುವುದು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ಗೆರೆ ಎಳೆದರೂ 7,400 ಕಿಲೋಮೀಟರ್ ಹತ್ತಿರ ಇದೆ. ಹೋಗಿ ಬರಲು ಬೆಳಕಿಗೇ 74 ಮಿಲಿಸೆಕೆಂಡ್ ಬೇಕು. ಕೇಬಲ್ ನೇರವಾಗಿಯೂ ಹೋಗುವುದಿಲ್ಲ, ಅರಬ್ಬಿ ಸಮುದ್ರ, ಕೆಂಪು ಸಮುದ್ರ, ಈಜಿಪ್ಟ್ ಅಂತ ಸುತ್ತು ಹಾಕುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಕೆಂಪು ಸಮುದ್ರದ ಕೇಬಲ್‌ಗಳು ತುಂಡಾದಾಗ ಭಾರತದಲ್ಲೂ ಇಂಟರ್ನೆಟ್ ನಿಧಾನವಾಗಿತ್ತು. ಇದರಲ್ಲಿ ನನ್ನ ರೂಟರ್ ಏನು ಮಾಡಬೇಕು?

ಭಾರತದಲ್ಲಿ ಸರ್ವರ್ ಇಡಲು ಜಾಗ ಇಲ್ಲ ಅನ್ನುವ ಹಾಗೂ ಇಲ್ಲ. ಅಮೆಜಾನ್‌ನ ಕ್ಲೌಡ್ ಮುಂಬೈಯಲ್ಲಿ 2016ರಿಂದ ಇದೆ, ಹೈದರಾಬಾದ್‌ನಲ್ಲಿ 2022ರಿಂದ ಇದೆ. ಇಲ್ಲಿ ಆಡುವವರು ಕಡಿಮೆ, ಖರ್ಚು ಜಾಸ್ತಿ ಅಂತಾದರೆ ಹಾಗಂತ ಹೇಳಿ. ಕ್ಲೌಡ್ ಬಾಡಿಗೆ ಗಂಟೆ ಲೆಕ್ಕದಲ್ಲೂ ಸಿಗುತ್ತದೆ. ಸಂಜೆ 7ರಿಂದ ರಾತ್ರಿ 12ರವರೆಗೆ ಮುಂಬೈ ಸರ್ವರ್ ನಡೆಸಿ, ಬೆಳಗಿನ ಹೊತ್ತು ಸಿಂಗಪುರಕ್ಕೇ ಕಳಿಸಿ. ಕೆಲಸಕ್ಕೆ ಹೋಗುವವರು ಹೇಗಿದ್ದರೂ ಸಂಜೆಯೇ ತಾನೇ ಆಡುವುದು?

ಲ್ಯಾಗ್ ಇಲ್ಲದ ಜಾಗ ಅಂದರೆ ನಿಮ್ಮ ಅಂಗಡಿ ಒಂದೇ. ಯುಪಿಐ ಒತ್ತಿದ ಕೂಡಲೇ ದುಡ್ಡು ಕಟ್. ಅಲ್ಲಿ ಹೆಲ್ಮೆಟ್ ಸ್ಕಿನ್‌ಗೆ (ಬರೀ ನೋಟ ಬದಲಿಸುವ ಅಲಂಕಾರಕ್ಕೆ) ಆಟದ 1,200 ಕಾಯಿನ್. ಕಾಯಿನ್ ಪ್ಯಾಕ್ ಸಿಗುವುದು 1,000 ಅಥವಾ 2,500ರ ಲೆಕ್ಕದಲ್ಲಿ. ಒಂದು ಕೊಂಡರೆ ಸಾಲದು, ಇನ್ನೊಂದು ಕೊಂಡರೆ ಮಿಕ್ಕಿದ್ದು ಖಾತೆಯಲ್ಲಿ ಕೊಳೆಯುತ್ತದೆ. ರೂಪಾಯಿಯಲ್ಲಿ ಆ ಹೆಲ್ಮೆಟ್‌ಗೆ ಎಷ್ಟಾಯಿತು ಅಂತ ಎಲ್ಲೂ ಬರೆದಿಲ್ಲ. ಯುರೋಪಿನ ಗ್ರಾಹಕ ರಕ್ಷಣಾ ಸಂಸ್ಥೆಗಳು 2025ರ ಮಾರ್ಚ್‌ನಲ್ಲಿ ಕೇಳಿದ್ದು ಇದನ್ನೇ: ಆಟದ ಕಾಯಿನ್ ಜೊತೆಗೆ ನಿಜವಾದ ದುಡ್ಡಿನ ಬೆಲೆಯನ್ನೂ ತೋರಿಸಿ ಅಂತ. ಮೇಲೆ ಓಡುವ ಗಡಿಯಾರದ ಕಥೆಯೂ ಇದೆ. ಇನ್ನು ಮೂರು ಗಂಟೆ ಮಾತ್ರ ಅಂತ ಹೆದರಿಸುತ್ತದೆ, ಮರುದಿನ ಅದೇ ಹೆಲ್ಮೆಟ್, ಅದೇ ಮೂರು ಗಂಟೆ. ನಮ್ಮ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ (ಗ್ರಾಹಕರನ್ನು ಯಾಮಾರಿಸುವ ವಿನ್ಯಾಸ) ಮಾರ್ಗಸೂಚಿಯಲ್ಲಿ 13 ಬಗೆಯ ತಂತ್ರಗಳನ್ನು ಹೆಸರಿಸಿದ್ದಾರೆ. ಸುಳ್ಳು ಅವಸರ ಹುಟ್ಟಿಸುವುದೂ ಆ ಪಟ್ಟಿಯಲ್ಲಿದೆ.

ಈಗ ಪಾಸ್ ವಿಷಯ. ನಾನು ಈ ಸೀಸನ್ ಪಾಸ್ ಕೊಂಡಾಗ ಮುಂಬೈ ಪಟ್ಟಿಯಲ್ಲಿತ್ತು. ಕೊಂಡ ಮೇಲೆ ತೆಗೆದಿರಿ. ಡಿಜಿಟಲ್ ಸಾಮಾನು ವಾಪಸ್ ಇಲ್ಲ ಅಂತ ನಿಮ್ಮ ಉತ್ತರ. ಮನಸ್ಸಿದ್ದರೆ ವಾಪಸ್ ಮಾಡಬಹುದು. ಕಾನ್‌ಕಾರ್ಡ್ ಅನ್ನುವ ಇದೇ ಜಾತಿಯ ಶೂಟರ್ 2024ರ ಆಗಸ್ಟ್ 23ಕ್ಕೆ ಬಂತು, ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಕೊಂಡವರಿಗೆ ಅದನ್ನು ತಂದಿದ್ದ ಸೋನಿ ಕಂಪನಿ ಪೂರ್ತಿ ದುಡ್ಡು ಹಿಂತಿರುಗಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಹೆಲ್‌ಡೈವರ್ಸ್ 2 ಅನ್ನುವ ಆಟವನ್ನು ಪಿಸಿಯಲ್ಲಿ ಆಡುವವರಿಗೆ ಪ್ಲೇಸ್ಟೇಷನ್ ಖಾತೆ ಕಡ್ಡಾಯ ಅಂತ ಸೋನಿಯವರೇ ಹೊರಟಿದ್ದರು. ಆಟಗಾರರು ಸ್ಟೀಮ್ ಅನ್ನುವ ಆನ್‌ಲೈನ್ ಆಟದಂಗಡಿಯಲ್ಲಿ ಕೆಟ್ಟ ರಿವ್ಯೂಗಳ ಮಳೆ ಸುರಿಸಿದರು, ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಕೈಬಿಟ್ಟರು. ಕಂಪನಿ ಏನೂ ಮುಳುಗಲಿಲ್ಲ.

ನಾನು ಕೇಳುತ್ತಿರುವುದು ಇಷ್ಟೇ. ಮುಂಬೈ ಸರ್ವರ್ ಸಂಜೆ ಹೊತ್ತಿಗಾದರೂ ವಾಪಸ್ ತನ್ನಿ, ಯಾವ ದಿನದಿಂದ ಅಂತ ತಿಳಿಸಿ. ತರುವುದಿಲ್ಲ ಅಂತಾದರೆ ಪಾಸ್‌ನ ಪೂರ್ತಿ ಹಣವನ್ನೂ ಖಾತೆಯಲ್ಲಿ ಮಿಕ್ಕಿರುವ ಕಾಯಿನ್‌ಗಳ ಹಣವನ್ನೂ ರೂಪಾಯಿಯಲ್ಲಿ ಹಿಂತಿರುಗಿಸಿ, ಬೋನಸ್ ಕಾಯಿನ್ ಬೇಡ. ಎರಡರಲ್ಲಿ ಯಾವುದೇ ಆಗಲಿ, ಮ್ಯಾಚ್‌ಗೆ ಸೇರುವ ಮುಂಚೆ ಯಾವ ಊರಿನ ಸರ್ವರ್, ಪಿಂಗ್ ಎಷ್ಟು ಅಂತ ತೋರಿಸಿ, ಬೇಡ ಅನ್ನಲು ಒಂದು ಬಟನ್ ಕೊಡಿ. ಅಂಗಡಿಯಲ್ಲಿ ರೂಪಾಯಿ ಬೆಲೆ ಹಾಕಿ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ಈ ಪತ್ರ ತಲುಪಿದೆ ಅಂತ 48 ಗಂಟೆಯೊಳಗೆ ನೀವು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. ಆಗದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಬಂದ ಮೇಲೆ ಗ್ರಾಹಕ ತಾನು ಇರುವ ಊರಿನಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ಆಗ ನಿಮ್ಮ ವಕೀಲರು ದಾವಣಗೆರೆಗೆ ಬರಬೇಕಾಗುತ್ತದೆ. ಅಲ್ಲಿಯವರೆಗೂ ಹೋಗುವ ಆಸೆ ನನಗಿಲ್ಲ. ನನಗೆ ಬೇಕಾಗಿರುವುದು ಸಂಜೆ ಎರಡು ಮ್ಯಾಚ್.

ಉತ್ತರ ಕನ್ನಡದಲ್ಲಾದರೂ ಸರಿ, ಇಂಗ್ಲಿಷ್‌ನಲ್ಲಾದರೂ ಸರಿ, ಮನುಷ್ಯರು ಓದಿ ಬರೆದದ್ದಾಗಿರಲಿ.

ಇಂತಿ,
ನಿಮ್ಮ ಆಟದ ಹಳೆಯ ಗಿರಾಕಿ
ದಾವಣಗೆರೆ

ಲಗತ್ತುಗಳು: ಸೀಸನ್ ಪಾಸ್ ರಶೀದಿ, ಅಪ್‌ಡೇಟ್‌ಗೆ ಮುಂಚಿನ ಮತ್ತು ನಂತರದ ಪಿಂಗ್ ಸ್ಕ್ರೀನ್‌ಶಾಟ್‌ಗಳು, ಕಿಲ್‌ಕ್ಯಾಮ್ ವಿಡಿಯೋ, ಸಪೋರ್ಟ್‌ನಿಂದ ಬಂದ ಉತ್ತರದ ಪ್ರತಿ