ಸರ್ಚ್ ವಾರಂಟಿಗೆ ನಾಲ್ಕು ಸಾಲು ಕಾರಣ ಬೇಡವೇ? ಕಾನೂನು ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾನೂನು ಸಚಿವರಿಗೆ,

ನಮಸ್ಕಾರ ಸಾರ್. ನಾನು ಚಿಕ್ಕಮಗಳೂರಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲ. ಮ್ಯಾಜಿಸ್ಟ್ರೇಟರು ಸರ್ಚ್ ವಾರಂಟ್ ಕೊಡುವಾಗ ಯಾಕೆ ಕೊಡುತ್ತಿದ್ದೇವೆ ಎಂಬುದನ್ನು ಬರೆದಿಡಬೇಕು, ಅದಕ್ಕೊಂದು ನಿಯಮ ತನ್ನಿ ಎಂದು ಕೇಳಲು ಈ ಪತ್ರ. ಇದನ್ನು ನ್ಯಾಯಾಧೀಶರಿಗೇ ಬಹಿರಂಗವಾಗಿ ಬರೆಯುವುದು ಚೆನ್ನಾಗಿರುವುದಿಲ್ಲ. ಮೇಲಾಗಿ ಇದರಲ್ಲಿ ನಿಮ್ಮ ಸರ್ಕಾರದ ಒಪ್ಪಿಗೆಯೂ ಬೇಕು. ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ನಮ್ಮ ಕಡೆ ಕಾಫಿ ಕುಯ್ಲು, ಮೆಣಸು ಕುಯ್ಲು ಶುರುವಾದರೆ ಕಳ್ಳತನದ ದೂರುಗಳೂ ಶುರು. ಕಣದಲ್ಲಿ ಹರಡಿದ ಕಾಫಿ ಬೆಳಗಾಗುವಷ್ಟರಲ್ಲಿ ಇರುವುದಿಲ್ಲ. ಬಳ್ಳಿಯಲ್ಲಿದ್ದ ಮೆಣಸನ್ನೇ ಕುಯ್ದುಕೊಂಡು ಹೋದವರಿದ್ದಾರೆ. ಬೆಳೆಗಾರರ ಸಂಕಟ ಸುಳ್ಳಲ್ಲ, ಪೊಲೀಸರು ಹುಡುಕಲೇಬೇಕು. ಆದರೆ ಜೀಪು ಮೊದಲು ಹೋಗಿ ನಿಲ್ಲುವುದು ಕೂಲಿಯವರ ಮನೆ ಮುಂದೆ.

ಒಂದು ಕೇಸು ಹೇಳುತ್ತೇನೆ. ಯಾವ ಠಾಣೆ, ಯಾವ ಕೋರ್ಟು ಅನ್ನುವುದು ಬೇಡ. ತೋಟದ ಕೂಲಿ ಲೈನ್ ಮನೆ ಬಿಟ್ಟು ಸ್ವಂತ ಸೈಟಿನಲ್ಲಿ ಮನೆ ಕಟ್ಟಿಕೊಂಡ ಒಬ್ಬ ಹೆಂಗಸು. ಹಿತ್ತಲಲ್ಲಿ ಒಂದಷ್ಟು ಸಿಲ್ವರ್ ಮರ, ಅದಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಪೊಲೀಸರು ವಾರಂಟ್ ಹಿಡಿದು ಬಂದರು. ಅರ್ಧ ಚೀಲ ಮೆಣಸು, ಮಗನ ಮೊಬೈಲು, ಬ್ಯಾಂಕ್ ಪಾಸ್‌ಬುಕ್ ತೆಗೆದುಕೊಂಡು ಹೋದರು. ಜಪ್ತಿಯ ಮಹಜರಿಗೆ ಸಾಕ್ಷಿಗಳಾಗಿ ಸಹಿ ಹಾಕಿದ ಪಂಚರಿಬ್ಬರೂ ದೂರು ಕೊಟ್ಟ ತೋಟದಲ್ಲೇ ಕೆಲಸಕ್ಕಿದ್ದವರು. ಪಂಚರು ಸ್ವತಂತ್ರರಾಗಿರಬೇಕು ಅನ್ನುತ್ತದೆ ಕಾನೂನು. ಅದು ಬೇರೆಯೇ ಜಗಳ, ಇರಲಿ.

ವಾರಂಟ್ ತರಿಸಿ ನೋಡಿದೆ. ಅಚ್ಚಾದ ನಮೂನೆ. ಖಾಲಿ ಜಾಗದಲ್ಲಿ ಹೆಸರು, ಊರು, ಕ್ರೈಂ ನಂಬರ್ ತುಂಬಿದ್ದರು. ಏನು ಹುಡುಕಬೇಕು ಎಂಬಲ್ಲಿ ‘ಕಳವು ಮಾಲು’ ಅಂತ ಇತ್ತು. ಕಾಫಿಯೋ ಮೆಣಸೋ, ಎಷ್ಟು ಚೀಲ, ಯಾರ ತೋಟದ್ದು, ಒಂದೂ ಇಲ್ಲ. ನಂಬಲು ಕಾರಣವಿದೆ ಅನ್ನುವ ಮಾತು ಮಾತ್ರ ಅಚ್ಚಾಗಿಯೇ ಬಂದಿತ್ತು. ಆ ಕಾರಣ ಕೋರ್ಟಿನ ಆದೇಶ ಬರೆಯುವ ಆರ್ಡರ್ ಶೀಟಿನಲ್ಲಾದರೂ ಇರಬಹುದು ಅಂತ ನಕಲು ಅರ್ಜಿ ಹಾಕಿದೆ. ಪೊಲೀಸರ ಕೋರಿಕೆ ನೋಡಲಾಗಿದೆ, ವಾರಂಟ್ ಕೊಡಿ ಎಂಬಷ್ಟೇ ಅದರಲ್ಲಿತ್ತು.

ಇದರಲ್ಲಿ ಮ್ಯಾಜಿಸ್ಟ್ರೇಟ್ ಸಾಹೇಬರದ್ದೇ ತಪ್ಪು ಅಂತ ನಾನು ಹೇಳುವುದಿಲ್ಲ. ಬೆಳಗ್ಗೆ ಕೇಸು ಕರೆಯುವ ಹೊತ್ತಿಗೆ ಅವರ ಮೇಜಿನ ಮೇಲೆ ಎಷ್ಟು ಫೈಲು ಇರುತ್ತೆ ಅಂತ ದಿನಾ ನೋಡುವವನು ನಾನು. ಕಾನೂನೇ ಇಲ್ಲಿ ಒಂದು ಸಂದು ಬಿಟ್ಟಿದೆ.

ನೋಡಿ ಸಾರ್, ತನಿಖೆ ಮಾಡುವ ಪೊಲೀಸ್ ಅಧಿಕಾರಿ ತುರ್ತಿದೆ ಅಂತ ವಾರಂಟ್ ಇಲ್ಲದೆ ಮನೆಗೆ ನುಗ್ಗಬೇಕಾದರೆ ಮೊದಲು ತನ್ನ ನಂಬಿಕೆಗೆ ಕಾರಣ ಏನು ಅಂತ ಬರೆಯಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 165ನೇ ಕಲಂ ಅದನ್ನೇ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 185ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಬರೆದದ್ದು 48 ಗಂಟೆಯೊಳಗೆ ಮ್ಯಾಜಿಸ್ಟ್ರೇಟರಿಗೆ ಹೋಗಬೇಕು. ಮನೆಯವರು ಅರ್ಜಿ ಕೊಟ್ಟರೆ ಅದರ ನಕಲು ಪುಕ್ಕಟೆ ಸಿಗಬೇಕು. ಅದೇ ಮ್ಯಾಜಿಸ್ಟ್ರೇಟರು ವಾರಂಟ್ ಕೊಡುವ, ಇದೇ ಹೊಸ ಸಂಹಿತೆಯ 96 ಮತ್ತು 97ನೇ ಕಲಂ ತೆಗೆದು ನೋಡಿ. ಅವರಿಗೆ ‘ನಂಬಲು ಕಾರಣ’ ಇರಬೇಕು ಅಂತಿದೆ. ಕಳವು ಮಾಲಿನ ವಿಷಯವಾದರೆ ಅಗತ್ಯ ಕಂಡಷ್ಟು ವಿಚಾರಣೆ ಮಾಡಿ ನೋಡಬೇಕು ಅಂತಲೂ ಇದೆ. ಆದರೆ ಆ ಕಾರಣವನ್ನು ಬರೆದಿಡಿ ಅನ್ನುವ ಮಾತು ಅಲ್ಲಿಲ್ಲ. ಅಂದರೆ ಎಸ್‌ಐ ತಾನಾಗಿ ಬಂದು ಹುಡುಕಿದರೆ ಆ ಹೆಂಗಸಿಗೆ ಕಾರಣ ಗೊತ್ತಾಗುತ್ತೆ. ಕೋರ್ಟಿನ ಮೂಲಕ ಬಂದರೆ ಗೊತ್ತಾಗಲ್ಲ. ವಿಚಿತ್ರ ಅಲ್ವಾ?

ಅಬಕಾರಿ ಕಾನೂನಿನಲ್ಲೂ ಅಧಿಕಾರಿ ವಾರಂಟ್ ಇಲ್ಲದೆ ಹುಡುಕುವ ಮುನ್ನ ಕಾರಣ ಬರೆಯಬೇಕು. ನಮ್ಮದೇ ರಾಜ್ಯದ ಕೆ.ಎಲ್. ಸುಬ್ಬಯ್ಯ ಪ್ರಕರಣ ನಿಮಗೆ ಗೊತ್ತಿರುತ್ತೆ. ಕಾರಿನಲ್ಲಿ ಮದ್ಯ ಸಿಕ್ಕಿತ್ತು. ಇನ್‌ಸ್ಪೆಕ್ಟರ್ ಹತ್ತಿರ ವಾರಂಟ್ ಇರಲಿಲ್ಲ, ಕಾರಣವನ್ನೂ ಬರೆದಿರಲಿಲ್ಲ. 1979ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷೆಯನ್ನೇ ರದ್ದು ಮಾಡಿತು. ಒಬ್ಬ ಇನ್‌ಸ್ಪೆಕ್ಟರ್‌ಗೆ ಇಷ್ಟು ಬಿಗಿ ಇರುವಾಗ ಕೋರ್ಟಿಗೆ ಬೇಡವೇ?

ಮ್ಯಾಜಿಸ್ಟ್ರೇಟರು ಬುದ್ಧಿ ಓಡಿಸಿಯೇ ವಾರಂಟ್ ಕೊಡಬೇಕು ಅನ್ನುವುದು ಹೊಸ ಮಾತೇನಲ್ಲ. 1954ರ ಎಂ.ಪಿ. ಶರ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಎಂಟು ನ್ಯಾಯಮೂರ್ತಿಗಳು ಶೋಧದ ಅಧಿಕಾರವನ್ನು ಎತ್ತಿಹಿಡಿದರು. ಅದಕ್ಕೆ ಅವರು ಕೊಟ್ಟ ಭರವಸೆಗಳಲ್ಲಿ ಒಂದು, ಪೊಲೀಸರಿಗೂ ಮನೆಯವರಿಗೂ ನಡುವೆ ಒಬ್ಬ ನ್ಯಾಯಾಧಿಕಾರಿ ನಿಂತಿರುತ್ತಾನೆ ಅನ್ನುವುದು. ಕೇರಳದ ಕುಟ್ಟನ್ ಪಿಳ್ಳೈ ಪ್ರಕರಣದಲ್ಲೂ ವಾರಂಟ್ ಕೊಡುವವರು ವಿವೇಚನೆ ಮಾಡಿರಬೇಕು ಅನ್ನುವ ಮಾತು ಬಂತು. ಶರ್ಮಾ ತೀರ್ಪು ಖಾಸಗಿತನದ ಹಕ್ಕನ್ನು ಒಪ್ಪಿರಲಿಲ್ಲ. ಆ ಭಾಗವನ್ನು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ತೆಗೆದುಹಾಕಿತು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಈಗ ಮನೆ, ಮೊಬೈಲು ಎಲ್ಲ ಮೂಲಭೂತ ಹಕ್ಕಿನ ಮಾತು. ನಡುವೆ ನಿಂತವರು ಯೋಚಿಸಿದರೋ ಇಲ್ಲವೋ ಅಂತ ಹೈಕೋರ್ಟ್ ಹೇಗೆ ನೋಡಬೇಕು, ಕಾಗದದ ಮೇಲೆ ಏನೂ ಇಲ್ಲದಿದ್ದರೆ?

ತಪ್ಪಾಗಿದ್ದರೆ ಆಮೇಲೆ ಪ್ರಶ್ನೆ ಮಾಡಬಹುದಲ್ಲ ಅನ್ನುತ್ತಾರೆ. ಮಾಡಬಹುದು, ಆದರೆ ಸಿಗುವುದು ಕಡಿಮೆ. ಶೋಧ ಕಾನೂನುಬಾಹಿರವಾಗಿದ್ದರೂ ಸಿಕ್ಕ ವಸ್ತು ಕೇಸಿಗೆ ಸಂಬಂಧಪಟ್ಟಿದ್ದರೆ ಸಾಮಾನ್ಯವಾಗಿ ಸಾಕ್ಷಿಯಾಗಿ ನಿಲ್ಲುತ್ತದೆ. ಸುಪ್ರೀಂ ಕೋರ್ಟಿನ ಪೂರಣ್ ಮಲ್ ತೀರ್ಪು ಬಂದಾಗಿನಿಂದ ಹೀಗೇ. ಇನ್ನು ಜಪ್ತಿಯಾದ ಮಾಲು ಬಿಡಿಸಿಕೊಳ್ಳಲು ಮತ್ತೆ ಅರ್ಜಿ, ಮತ್ತೆ ತಕರಾರು, ಮತ್ತೆ ವಾಯಿದೆ. ನನ್ನ ಕಕ್ಷಿದಾರರ ಮೆಣಸು ಠಾಣೆಯ ಮೂಲೆಯಲ್ಲಿ ಮಳೆಗಾಲ ಕಳೆಯಿತು. ಕೈಗೆ ಬಂದಾಗ ಬೂಷ್ಟು ಹಿಡಿದಿತ್ತು. ಅದನ್ನು ಯಾವ ವ್ಯಾಪಾರಿ ತಗೋತಾನೆ?

ಹೊಸ ಸಂಹಿತೆಯ 105ನೇ ಕಲಂ ಪ್ರಕಾರ ಶೋಧವನ್ನು ವಿಡಿಯೋ ಮಾಡಬೇಕು. ಒಳ್ಳೆಯದೇ. ಹೇಗೆ ಹುಡುಕಿದರು ಅಂತ ಅದರಲ್ಲಿ ಕಾಣುತ್ತೆ. ಈ ಮನೆಯನ್ನೇ ಯಾಕೆ ಹುಡುಕಿದರು ಅನ್ನುವುದು ಯಾವ ಕ್ಯಾಮೆರಾಕ್ಕೂ ಸಿಗಲ್ಲ.

ಗುಟ್ಟು ರಟ್ಟಾಗುತ್ತೆ, ಕಾರಣ ಬರೆದರೆ ಕಳ್ಳ ಮಾಲು ಸಾಗಿಸುತ್ತಾನೆ ಅಂತ ಪೊಲೀಸರು ಹೇಳಬಹುದು. ನ್ಯಾಯವಾದ ಮಾತೇ. ಅದಕ್ಕೇ ಕಾರಣವನ್ನು ವಾರಂಟಿನಲ್ಲೇ ಬರೆಯಿರಿ ಅಂತ ನಾನು ಕೇಳುತ್ತಿಲ್ಲ. ಆರ್ಡರ್ ಶೀಟಿನಲ್ಲಿ ಬರೆದು, ಶೋಧ ಮುಗಿಯುವ ತನಕ ಮುಚ್ಚಿಟ್ಟರೆ ಸಾಕು. ಮಾಹಿತಿ ಕೊಟ್ಟವನ ಹೆಸರು ಬೇಕಾಗಿಲ್ಲ. ಯಾವ ಮಾಹಿತಿ ಬಂತು, ಅದು ಈ ಮನೆಗೆ ಹೇಗೆ ತಗುಲುತ್ತದೆ, ಯಾವ ವಸ್ತು ಹುಡುಕಬೇಕು, ಮೊಬೈಲ್ ಬೇಕಿದ್ದರೆ ಯಾತಕ್ಕೆ ಬೇಕು. ನಾಲ್ಕು ಸಾಲಾಗುತ್ತೆ. ಹಾಗೆ ಬರೆಯಲು ಕೂತಾಗ ಬರೆಯಲು ಏನೂ ಇಲ್ಲ ಅಂತ ಗೊತ್ತಾದರೆ, ಆ ವಾರಂಟ್ ಕೊಡಲೇಬಾರದಿತ್ತು.

ಈಗ ನಿಮ್ಮ ಪಾಲಿನ ಕೆಲಸ. ಸಂಹಿತೆಯ 523ನೇ ಕಲಂ ಅಡಿಯಲ್ಲಿ ಹೈಕೋರ್ಟ್ ನಿಯಮ ಮಾಡಬಹುದು. ಅದಕ್ಕೆ ರಾಜ್ಯ ಸರ್ಕಾರದ ಪೂರ್ವಾನುಮತಿ ಬೇಕು. ನೀವೇ ಮುಂದಾಗಿ ಹೈಕೋರ್ಟಿಗೆ ಬರೆಯಿರಿ, ಇಂಥದ್ದೊಂದು ನಿಯಮ ಬಂದರೆ ನಮ್ಮ ಒಪ್ಪಿಗೆ ಇದೆ ಅಂತ ತಿಳಿಸಿ. ಶೋಧ ಮುಗಿದ ಮೇಲೆ ಮನೆಯವರಿಗೆ ಕಾರಣದ ನಕಲು ಪುಕ್ಕಟೆ ಕೊಡಬೇಕು ಅನ್ನುವುದೂ ಅದರಲ್ಲಿರಲಿ. 185ನೇ ಕಲಮಿನಲ್ಲಿ ಇರುವ ಸೌಲಭ್ಯವೇ ಅದು.

ಇನ್ನೊಂದು ಕೆಲಸಕ್ಕೆ ಹೈಕೋರ್ಟಿನ ತನಕ ಹೋಗುವುದೂ ಬೇಡ. 97ನೇ ಕಲಂ ಅಡಿಯಲ್ಲಿ ಕಳವು ಮಾಲಿಗೆ ವಾರಂಟ್ ಕೊಡುವ ಅಧಿಕಾರ ಜಿಲ್ಲಾಧಿಕಾರಿಗೂ ಉಪವಿಭಾಗಾಧಿಕಾರಿಗೂ (ಎಸಿ) ಇದೆ. ನಮ್ಮ ಜಿಲ್ಲೆಯಲ್ಲಿ ಚಿಕ್ಕಮಗಳೂರು, ತರೀಕೆರೆ ಎರಡು ಕಡೆ ಎಸಿ ಕಚೇರಿಗಳಿವೆ. ಅವರೆಲ್ಲ ನಿಮ್ಮ ಸರ್ಕಾರದ ಅಧಿಕಾರಿಗಳು. ಕಾರಣ ಬರೆದೇ ವಾರಂಟ್ ಕೊಡಿ ಅಂತ ಒಂದು ಸುತ್ತೋಲೆ ಹೊರಡಿಸಲು ಎಷ್ಟು ದಿನ ಬೇಕು? ಮುಂದಿನ ಕುಯ್ಲಿಗೆ ಮೊದಲು ಅದಾದರೂ ಬರಲಿ.

ಈ ಪತ್ರದ ಪ್ರತಿಯನ್ನು ಹೈಕೋರ್ಟಿನ ರಿಜಿಸ್ಟ್ರಾರ್ ಜನರಲ್ ಅವರಿಗೂ ಕಳಿಸಿದ್ದೇನೆ. ನಿಯಮದ ಕರಡು ಬೇಕೆಂದರೆ ಬರೆದು ಕೊಡಲು ಸಿದ್ಧ.

ಇಂತಿ ತಮ್ಮ ವಿಶ್ವಾಸಿ,
ಚಿಕ್ಕಮಗಳೂರಿನ ಒಬ್ಬ ವಕೀಲ