ಮೈಕ್ರೋಸ್ಕೋಪ್ ಆಮೇಲೆ, ಮೊದಲು ಮನುಷ್ಯರನ್ನು ಕಳಿಸು

ಕಲಬುರಗಿ

ಪ್ರೀತಿಯ ಗೆಳೆಯಾ,

ಮೊನ್ನೆ ನೀನು ಫೋನಿನಲ್ಲಿ ಕೇಳಿದ್ದಕ್ಕೆ ನಿಂತಲ್ಲೇ ಉತ್ತರ ಕೊಡೋದು ಬೇಡ ಅನ್ನಿಸಿತು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಫೆಬ್ರವರಿ 11ಕ್ಕೆ ನಮ್ಮ ಕಾಲೇಜಿನ ಹುಡುಗಿಯರಿಗೆ ಏನಾದರೂ ಮಾಡೋಣ, ಕಂಪನಿ ಕಡೆಯಿಂದ ಮೈಕ್ರೋಸ್ಕೋಪ್ ಕೊಡಿಸಲಾ, ಬಹುಮಾನ ಇಡಿಸಲಾ ಅಂದೆ. ವಿಜ್ಞಾನದಲ್ಲಿರುವ ಮಹಿಳೆಯರು ಮತ್ತು ಹುಡುಗಿಯರಿಗಾಗಿ ವಿಶ್ವಸಂಸ್ಥೆ 2015ರಲ್ಲಿ ಗೊತ್ತು ಮಾಡಿದ ದಿನ ಅದು. ಹೈದರಾಬಾದಿನಲ್ಲಿ ಕೂತು ನಮ್ಮ ಊರಿನ ಹುಡುಗಿಯರನ್ನು ನೆನೆದೆಯಲ್ಲ, ಅಷ್ಟಕ್ಕೇ ಖುಷಿಯಾಯಿತು. ಆದರೆ ನಾನು ಕೇಳೋದು ಬೇರೆ. ನಿಮ್ಮ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿದ್ದಾರಲ್ಲ, ಅವರಲ್ಲಿ ಒಂದಿಬ್ಬರನ್ನು ನಮಗೆ ಕೊಡು. ಭಾಷಣಕ್ಕಲ್ಲ. ಒಬ್ಬೊಬ್ಬರು ನಮ್ಮ ಒಬ್ಬೊಬ್ಬ ಹುಡುಗಿಯ ಬೆನ್ನಿಗೆ, ಪಿಯುಸಿಯಿಂದ ಹಿಡಿದು ಡಿಗ್ರಿ ಸೇರುವವರೆಗೆ ನಿಲ್ಲಲಿ.

ಯಾಕೆ ಅಂತೀಯಾ? ನಮ್ಮ ಹುಡುಗಿಯರಿಗೆ ಓದುವ ಆಸೆಗೇನೂ ಕೊರತೆ ಇಲ್ಲ. ಪಿಯು ವಿಜ್ಞಾನದ ಕ್ಲಾಸಿಗೆ ಹೋದರೆ ಮುಂದಿನ ಬೆಂಚು ಪೂರ್ತಿ ಅವರದೇ. ದೇಶದ ಲೆಕ್ಕವೂ ಹಾಗೇ ಇದೆ. ಕೇಂದ್ರ ಸರ್ಕಾರದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ವಿಜ್ಞಾನ ಓದುತ್ತಿದ್ದ 57.2 ಲಕ್ಷ ಮಂದಿಯಲ್ಲಿ 29.8 ಲಕ್ಷ ಹೆಣ್ಣುಮಕ್ಕಳು. ಅರ್ಧಕ್ಕಿಂತ ಜಾಸ್ತಿ. ಅದೇ ಸಂಶೋಧನೆಯ ಕೆಲಸದಲ್ಲಿ ಇರುವವರನ್ನು ಎಣಿಸಿದರೆ ಐವರಲ್ಲಿ ಒಬ್ಬರೂ ಹೆಂಗಸರಿಲ್ಲ. ಕ್ಲಾಸಿನಲ್ಲಿ ಕೂತಿದ್ದವರು ಲ್ಯಾಬಿಗೆ ಬರುವಷ್ಟರಲ್ಲಿ ಎಲ್ಲಿ ಹೋದರು? ಮದುವೆ, ದುಡ್ಡು, ದೂರ, ಎಲ್ಲವೂ ಕಾರಣ ಹೌದು. ಆದರೆ ಇಷ್ಟು ವರ್ಷ ಕೆಮಿಸ್ಟ್ರಿ ಪಾಠ ಮಾಡಿದ ಮೇಲೆ ನನಗೆ ಎದ್ದು ಕಾಣೋದು ಒಂದೇ. ಮುಂದೇನು ಅಂತ ಕೇಳೋಕೆ ಈ ಹುಡುಗಿಯರಿಗೆ ಯಾರೂ ಇಲ್ಲ.

ಹೆಸರು ಮಾಡಿದ ವಿಜ್ಞಾನಿಗಳ ಬದುಕು ಓದುವಾಗ, ಇವರಿಗೆ ದಾರಿ ತೋರಿಸಿದವರು ಯಾರು ಅಂತ ಹುಡುಕುತ್ತೇನೆ. ಕಮಲಾ ಸೊಹೊನಿ ಅವರನ್ನೇ ತಗೋ. 1933ರಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಅರ್ಜಿ ಹಾಕಿದಾಗ, ಹೆಣ್ಣು ಅನ್ನೋ ಕಾರಣಕ್ಕೆ ಅಲ್ಲಿನ ನಿರ್ದೇಶಕರಾಗಿದ್ದ ಸಿ.ವಿ. ರಾಮನ್ ಬೇಡ ಅಂದರು. ಆಕೆ ಪಟ್ಟು ಬಿಡಲಿಲ್ಲ, ಷರತ್ತಿನ ಮೇಲೆ ಒಳಗೆ ಬಂದರು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆಕೆಯ ಮನೆಯಲ್ಲಿ ಅಪ್ಪ ಸೇರಿ ಇಬ್ಬರು ಕೆಮಿಸ್ಟ್ರಿ ಓದಿದವರಿದ್ದರು, ಅದೂ ಅದೇ ಸಂಸ್ಥೆಯಲ್ಲಿ ಅನ್ನೋದನ್ನು ಯಾರೂ ಹೇಳೋದಿಲ್ಲ. ಒಳಗೆ ಬಂದ ಮೇಲೆ ಎಂ. ಶ್ರೀನಿವಾಸಯ್ಯ ಅನ್ನೋ ಮೇಷ್ಟ್ರು ಆಕೆಯನ್ನು ತಮ್ಮ ಶಿಷ್ಯೆಯಾಗಿ ತಗೊಂಡು ಕೆಲಸ ಕಲಿಸಿದರು. ಅಲ್ಲಿಂದ ಆಕೆ ಕೇಂಬ್ರಿಜ್‌ಗೆ ಹೋಗಿ, ಗಿಡಗಳ ಉಸಿರಾಟದ ಮೇಲೆ ಕೆಲಸ ಮಾಡಿ, 1939ರಲ್ಲಿ ಪಿಎಚ್‌ಡಿ ಪಡೆದರು. ನಮ್ಮ ನಂಜನಗೂಡಿನ ರಾಜೇಶ್ವರಿ ಚಟರ್ಜಿ ಅವರದೂ ಹೀಗೇ. ಮಿಷಿಗನ್‌ಗೆ ಹೋಗಿ 1953ರಲ್ಲಿ ಪಿಎಚ್‌ಡಿ ಮಾಡಿ ಬಂದು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಬೆಳೆಸಿದರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು.

ಇವರ ಸಾಧನೆ ಇದರಿಂದ ಒಂದು ಚೂರೂ ಕಮ್ಮಿ ಆಗೋದಿಲ್ಲ. ನಾನು ಹೇಳೋದು ಇಷ್ಟೇ. ನನ್ನ ಕ್ಲಾಸಿನ ಹುಡುಗಿಯ ಅಪ್ಪ ಶಹಾಬಾದಿನಲ್ಲಿ ಫರಸಿ ಕಲ್ಲು ಒಡೆಯುತ್ತಾನೆ, ಅವ್ವ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಾಳೆ. ಆ ಮನೆಯಲ್ಲಿ ಪ್ರೀತಿ ಇದೆ, ದುಡಿಯುವ ಕೈಗಳಿವೆ, ಅರ್ಜಿಯ ಕೊನೇ ದಿನಾಂಕ ಗೊತ್ತಿರುವವರು ಇಲ್ಲ. ಆ ಜಾಗಕ್ಕೆ ಹೊರಗಿನವರು ಯಾರಾದರೂ ಬರಲೇಬೇಕು.

ಬಂದವರು ಏನು ಮಾಡಬೇಕು ಅಂತ ನಿಮ್ಮ ಲ್ಯಾಬಿನವರು ಕೇಳಬಹುದು. ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಒಬ್ಬ ಹುಡುಗಿ ಬಿ.ಎಸ್ಸಿ. ಮಾಡಲು ಕಲಬುರಗಿಯಲ್ಲಿ ಹಾಸ್ಟೆಲ್ ಸೇರಬೇಕಿತ್ತು. ಅಪ್ಪ ಒಪ್ಪಲಿಲ್ಲ. ನಾನು ಹೇಳಿದೆ, ಪ್ರಿನ್ಸಿಪಾಲರು ಹೇಳಿದರು, ಆಗಲಿಲ್ಲ. ಕಡೆಗೆ ನಮ್ಮದೇ ಕಾಲೇಜಿನಲ್ಲಿ ಓದಿ, ಈಗ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಮಾಡುತ್ತಿರುವ ಒಬ್ಬಳನ್ನು ಅವರ ಮನೆಗೆ ಕರೆದುಕೊಂಡು ಹೋದೆ. ಆತ ವಿಜ್ಞಾನದ ಬಗ್ಗೆ ಒಂದು ಮಾತೂ ಕೇಳಲಿಲ್ಲ.

"ತಂಗಿ, ರಾತ್ರಿ ಗೇಟು ಎಷ್ಟಕ್ಕ ಹಾಕ್ತಾರ?"

"ಏಳಕ್ಕ ಹಾಕ್ತಾರ ಕಾಕಾ. ತಡ ಆದ್ರ ವಾರ್ಡನ್ ಮನಿಗೆ ಫೋನ್ ಮಾಡ್ತಾರ."

"ಊಟಕ್ಕ ರೊಟ್ಟಿ ಇರ್ತದೇನು?"

"ದಿನಾ ಇರಲ್ಲ. ನಮ್ಮವ್ವ ಕಟಿ ರೊಟ್ಟಿ ಕಟ್ಟಿ ಕೊಡ್ತಾಳ, ವಾರಗಟ್ಲೆ ಇರ್ತಾವ."

ಜಡ್ಡು ಬಂದರೆ ಯಾರು ನೋಡ್ತಾರ, ಬಸ್ಸಿಗೆ ಯಾರ ಜೊತೆ ಬರ್ತಿ ಅಂತ ಕೇಳುತ್ತಲೇ ಹೋದ. ಆಕೆ ಒಂದೊಂದಕ್ಕೂ ಸಮಾಧಾನದಿಂದ ಹೇಳಿದಳು. ಎದ್ದು ಬರುವಾಗ, ಫಾರಂ ಯಾವತ್ತು ತುಂಬಬೇಕು ಅಂತ ಅವನೇ ಕೇಳಿದ. ನನ್ನ ಮಾತಿಗಿಂತ ಆಕೆಯ ಮಾತಿಗೆ ತೂಕ ಬಂತು, ಯಾಕಂದರೆ ಆಕೆ ಅಲ್ಲಿ ಇದ್ದು ಬಂದವಳು. ಮೆಂಟರ್ ಅಂತ ನೀವು ಕರೆಯುವ ಮನುಷ್ಯ ನಮ್ಮಲ್ಲಿ ಮೊದಲು ಮಾಡಬೇಕಾದ ಕೆಲಸ ಇದು.

ಆಮೇಲಿನದು ಬೇಕಾದಷ್ಟಿದೆ. ಹತ್ತನೇ ತರಗತಿವರೆಗೆ ಕನ್ನಡದಲ್ಲಿ ಓದಿದವರಿಗೆ ಪಿಯುಸಿಯ ಮೊದಲ ಮೂರು ತಿಂಗಳು ಕಣ್ಣಿಗೆ ಕತ್ತಲೆ. ಉತ್ತರ ಗೊತ್ತಿರುತ್ತದೆ, ಇಂಗ್ಲಿಷಿನಲ್ಲಿ ಬಾಯಿಗೆ ಬರೋದಿಲ್ಲ, ತಲೆ ತಗ್ಗಿಸಿ ಕೂರುತ್ತಾರೆ. ಆಗ ಫೋನಿನಲ್ಲಿ ವಾರಕ್ಕೆ ಅರ್ಧ ತಾಸು ಮಾತಾಡುವವರಿದ್ದರೆ ಸಾಕು. ಮುಂದೆ ನಮ್ಮ ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಪ್ರಮಾಣಪತ್ರ ಯಾವಾಗ ಮಾಡಿಸಬೇಕು ಅನ್ನೋದರಿಂದ ಹಿಡಿದು ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನದವರೆಗೆ ಹೇಳಬೇಕು. ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ. 1ರೊಳಗೆ ಬಂದು ಮೂಲ ವಿಜ್ಞಾನ ಓದುವವರಿಗೆ ಅದರಲ್ಲಿ ವರ್ಷಕ್ಕೆ 80,000 ರೂಪಾಯಿ. ಆ ದುಡ್ಡಿನಲ್ಲಿ 20,000 ಇರೋದೇ ಒಬ್ಬ ಸಂಶೋಧಕರ ಕೈಕೆಳಗೆ ಬೇಸಿಗೆ ಪ್ರಾಜೆಕ್ಟ್ ಮಾಡಲು. ಸಂಶೋಧಕರ ಪರಿಚಯವೇ ಇಲ್ಲದ ಹುಡುಗಿ ಯಾರ ಹತ್ತಿರ ಹೋಗಬೇಕು ಹೇಳು?

ಇನ್ನು ಚಿಕ್ಕ ಮಕ್ಕಳ ವಿಷಯ. ಶಾಲೆಗಳಿಗೆ ಹೋಗಿ ವಿಜ್ಞಾನ ತೋರಿಸುವ ಕೆಲಸದಲ್ಲಿ ನಾನು ನೋಡಿದ ಅತಿ ಚಂದದ ದಿನದ ಬಗ್ಗೆ ನಿನಗೆ ಹೇಳಲೇಬೇಕು. ದೀಪಾವಳಿ ಆದ ಮೇಲೆ ಚಿತ್ತಾಪುರ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿಗೆ ಬೆಳೆ ರೋಗಗಳ ಮೇಲೆ ಕೆಲಸ ಮಾಡುವ ಒಬ್ಬ ಮಹಿಳೆಯನ್ನು ಕರೆದುಕೊಂಡು ಹೋಗಿದ್ದೆ. ಆಕೆ ಸ್ಲೈಡು, ಪ್ರೊಜೆಕ್ಟರ್ ಏನೂ ತಂದಿರಲಿಲ್ಲ. ಒಂದು ಚಾಕು, ಎರಡು ತೊಗರಿ ಗಿಡ. ಒಂದು ಹಸಿರಾಗಿತ್ತು, ಇನ್ನೊಂದು ಕಾಯಿ ಕಟ್ಟುವ ಹೊತ್ತಿಗೆ ಒಣಗಿ ನಿಂತದ್ದು. ಒಣಗಿದ ಗಿಡದ ಕಾಂಡದ ಮೇಲೆ ಬುಡದಿಂದ ಮೇಲಕ್ಕೆ ಕಂದು ನೇರಳೆ ಪಟ್ಟಿ ಇತ್ತು. ಅದನ್ನು ಉದ್ದಕ್ಕೆ ಸೀಳಿ ಹುಡುಗಿಯರ ಕೈಗೆ ಕೊಟ್ಟರು. ಒಳಗೆ ಕಪ್ಪು ಗೆರೆ. ನೀರು ಮೇಲೇರುವ ನಾಳಗಳಲ್ಲಿ ಫ್ಯುಸೇರಿಯಂ ಶಿಲೀಂಧ್ರ ತುಂಬಿಕೊಂಡಿದೆ, ಬೇರಿನ ಹತ್ತಿರ ತೇವ ಇದ್ದರೂ ಗಿಡ ಬಾಯಾರಿ ಸಾಯುತ್ತದೆ, ಇದೇ ನೆಟೆ ರೋಗ ಅಂದರು.

ಆಗ ಹಿಂದೆ ಕೂತಿದ್ದ ಒಬ್ಬಳು ಎದ್ದು, "ಮೇಡಂ, ಜ್ವಾಳ ಬಿತ್ತಿದ ಹೊಲದಾಗ ಮರುವರ್ಷ ಇದು ಕಮ್ಮಿ ಬರ್ತದಂತ ನಮ್ಮವ್ವ ಅಂತಾಳ" ಅಂದಳು. ಆಕೆ ಚಾಕು ಕೆಳಗಿಟ್ಟು ಆ ಹುಡುಗಿಯನ್ನು ಮುಂದೆ ಕರೆದರು. ನಿಮ್ಮವ್ವ ಹೇಳಿದ್ದು ಖರೇ, ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಜೋಳದ ಜೊತೆ ಬೆಳೆ ಬದಲಿಸಿದರೆ ರೋಗ ತಗ್ಗುತ್ತದೆ ಅಂತ ವಿಜ್ಞಾನಿಗಳ ಪ್ರಯೋಗಗಳಲ್ಲೂ ಬಂದಿದೆ ಅಂದರು. ಜೊತೆಗೆ, ಇದನ್ನು ತಡೆಯುವ ತಳಿ ಹುಡುಕಿದ ಕತೆಯನ್ನೂ ಹೇಳಿದರು. ಹೈದರಾಬಾದ್ ಪಕ್ಕದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಅನ್ನೋ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಿಂದ ಬಂದ ಮಾರುತಿ ತಳಿ 1986ರಲ್ಲಿ ಕರ್ನಾಟಕದಲ್ಲಿ ಬಿಡುಗಡೆ ಆಯಿತು, ಆಮೇಲೆ ನಮ್ಮ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಿಂದಲೇ ಟಿಎಸ್-3ಆರ್ ಬಂತು. ಅವ್ವನ ಮಾತು ಮತ್ತು ವಿಜ್ಞಾನಿಯ ಮಾತು ಒಂದೇ ಕಡೆ ಸೇರಿದ್ದನ್ನು ಕೇಳಿ ಆ ಹುಡುಗಿಯ ಮುಖ ಹೇಗಿತ್ತು ಅಂತ ಬರೆಯೋಕೆ ನನಗೆ ಬರೋದಿಲ್ಲ. ಸಂಜೆ ಗೇಟಿನವರೆಗೆ ಬಂದು, ನಿಮ್ಮಂಗ ಆಗಬೇಕಂದ್ರ ಏನು ಓದಬೇಕು ಅಂತ ಕೇಳಿದಳು. ಕೃಷಿ ಬಿ.ಎಸ್ಸಿ., ಸಿಇಟಿ, ರೈತರ ಮಕ್ಕಳಿಗೆ ಇರುವ ಕೋಟಾ, ಅದಕ್ಕೆ ಕೊಡಬೇಕಾದ ಪ್ರಾಯೋಗಿಕ ಪರೀಕ್ಷೆ, ಎಲ್ಲವನ್ನೂ ಅವಳ ನೋಟ್‌ಬುಕ್ಕಿನಲ್ಲೇ ಬರೆದುಕೊಟ್ಟರು, ತಮ್ಮ ನಂಬರ್ ಸಮೇತ.

ಹೀಗೆ ಬರುವವರಿಗೂ ಆಸರೆ ಬೇಕು. ನಮ್ಮ ಕಡೆ ವಿಜ್ಞಾನದಲ್ಲಿರುವ ಹೆಂಗಸರು ಒಬ್ಬೊಬ್ಬರೇ ಆಗಿಬಿಟ್ಟಿದ್ದೇವೆ. ಯಾದಗಿರಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಅಂತ ನಿನಗೂ ಗೊತ್ತು. ಅಲ್ಲಿನ ಒಬ್ಬ ಉಪನ್ಯಾಸಕಿ ಊರೂರಿನ ನೀರು ತಂದಿಟ್ಟುಕೊಂಡು, ಅಳೆಯುವ ಎಲೆಕ್ಟ್ರೋಡ್ ಇಲ್ಲದೆ ಕೂತಿದ್ದರು. ಕಲಬುರಗಿಯಲ್ಲಿ ನನಗೆ ಗೊತ್ತಿರುವ ಇನ್ನೊಬ್ಬರ ಲ್ಯಾಬಿನಲ್ಲಿ ಅದು ಕಪಾಟಿನಲ್ಲೇ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಈಗ ಸೇರಿ ಕೆಲಸ ಮಾಡುತ್ತಿದ್ದಾರೆ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆಯವರನ್ನು ಸೇರಿಸಿ ಒಂದು ವಾಟ್ಸಾಪ್ ಗುಂಪು ಮಾಡಿದ್ದೇವೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದವರನ್ನೂ ಕರೆಯಬೇಕು ಅಂತಿದೆ.

ನಾನು ಗಂಡಸು, ಇದರಲ್ಲಿ ನನ್ನದೇನು ಕೆಲಸ ಅಂತ ಕೇಳಿದೆಯಲ್ಲ. ಶ್ರೀನಿವಾಸಯ್ಯನವರೂ ಗಂಡಸೇ ಅಲ್ವಾ? ನೀನು ತಂಡದ ಮುಖ್ಯಸ್ಥ. ನಿನ್ನ ಕೈಕೆಳಗಿನವರು ನಮ್ಮ ಹುಡುಗಿಯರಿಗೆ ಕೊಡುವ ಸಮಯವನ್ನು ಕೆಲಸದ ಸಮಯ ಅಂತಲೇ ಹಿಡಿ. ಮನೆ, ಮಕ್ಕಳು, ಲ್ಯಾಬು ಮುಗಿಸಿ ಅವರು ನಿದ್ದೆ ಕೆಟ್ಟು ಇದನ್ನು ಮಾಡಬೇಕು ಅಂದರೆ ಅನ್ಯಾಯ. ಹೆರಿಗೆ ಅಂತ ಕೆಲಸ ಬಿಟ್ಟವರಿಗೆ ನೀನೇ ಒಂದು ಫೋನ್ ಮಾಡು. ಅಂಥವರು ಸಂಶೋಧನೆಗೆ ಮರಳಲಿ ಅಂತ ಕೇಂದ್ರದ ವಿಜ್ಞಾನ ಇಲಾಖೆಯ ವೈಸ್-ಕಿರಣ್ ಯೋಜನೆ ಇದೆ, ಎಷ್ಟೋ ಜನರಿಗೆ ಗೊತ್ತೇ ಇಲ್ಲ.

ಪಿಯು ಪರೀಕ್ಷೆ, ಸಿಇಟಿ ಮುಗಿದ ಮೇಲೆ ಹುಡುಗಿಯರನ್ನು ನಿಮ್ಮ ಲ್ಯಾಬಿಗೆ ಒಂದು ದಿನ ಕರೆದುಕೊಂಡು ಬರುವ ಯೋಚನೆ ಇದೆ. ಕರ್ನಾಟಕದೊಳಗೆ ಶಕ್ತಿ ಯೋಜನೆಯಲ್ಲಿ ಬಸ್ಸು ಪುಕ್ಕಟೆ, ಹೈದರಾಬಾದಿನವರೆಗೆ ಅದು ನಡೆಯೋದಿಲ್ಲ. ದುಡ್ಡು ಕೊಡಲೇಬೇಕು ಅನ್ನಿಸಿದರೆ ಆ ಬಸ್ಸಿನ ಖರ್ಚು ನೋಡಿಕೋ. ಅದಕ್ಕೂ ಮುಂಚೆ ಆ ಇಬ್ಬರ ಹೆಸರು ಕಳಿಸು. ಅವರಿಗೆ ಕನ್ನಡ ಬರದಿದ್ದರೂ ಪರವಾಗಿಲ್ಲ, ನಮ್ಮಲ್ಲಿ ಹಿಂದಿ, ಉರ್ದು, ತೆಲುಗು ಎಲ್ಲ ನಡೆಯುತ್ತದೆ. ವಾರದಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಫೋನ್ ಮಾಡಿದರೆ ಅವರಿಗೆ ಅನುಕೂಲ ಅನ್ನೋದನ್ನು ಕೇಳಿ ಬರೆ.

ನಿನ್ನ ಗೆಳತಿ